ಇಲಿಯ ಏಣಿ ಹಿಂದಿರುಗಿದ್ದನ್ನು ವೀಳ್ಯ ಹಿಂದಿರುಗಿತೆಂದು ಪರಿಗಣಿಸದಿರುವ ಬಗ್ಗೆ

ಇಂದ,
ಮೇಘಶ್ರೀ, ಲೇಟ್ ನಂಜೇಗೌಡರ ಮಗಳು,
ಕೋಂ .................. (ತಮ್ಮ ತೀರ್ಮಾನ ಬರುವ ತನಕ ಈ ಜಾಗ ಖಾಲಿ ಬಿಟ್ಟಿದೆ),
ದ್ವಿತೀಯ ದರ್ಜೆ ಸಹಾಯಕಿ,
ಹಳ್ಳಿಮೈಸೂರು, ಹೊಳೆನರಸೀಪುರ ತಾಲ್ಲೂಕು.

ಗೆ,
ಶ್ರೀಮತಿ ಬೆಟ್ಟಮ್ಮನವರು,
ಮನೆಯ ಯಜಮಾನಿಯವರು ಹಾಗೂ ನನ್ನ ಭಾವಿ ಅತ್ತೆಯವರು (ಈ ಎರಡನೆಯ ಹುದ್ದೆಯಲ್ಲಿ ತಾವು ಇನ್ನೂ ಮುಂದುವರಿದಿದ್ದೀರಿ ಎಂಬ ನಂಬಿಕೆಯ ಮೇಲೆ),
ಕೊಣನೂರು ಹೋಬಳಿ, ಅರಕಲಗೂಡು ತಾಲ್ಲೂಕು.

ಮುಖಾಂತರ: ಶ್ರೀ ರವೀಂದ್ರ, ತಮ್ಮ ಮಗ. ತಮ್ಮ ಕನ್ನಡಕದ ಮೇಲೆ ಇವರೇ ಕೂತು ಮುರಿದಿರುವುದರಿಂದ, ಇದನ್ನು ತಮಗೆ ಓದಿ ಹೇಳುವ ಹೊಣೆಯೂ ಇವರದೇ.

ವಿಷಯ: ನನ್ನ ಎರಡು ಇಲಿಗಳ ಪಂಜರಕ್ಕೆಂದು ತಾವು ಪ್ರೀತಿಯಿಂದ ಕಳುಹಿಸಿದ ಸಾಮಾನುಗಳ ಪೈಕಿ ಕೆಲವನ್ನು ಹಿಂದಿರುಗಿಸಿದ್ದು ಇಲಿಗಳ ಕ್ಷೇಮದ ಕಾರಣದಿಂದಲೇ ಹೊರತು, ತಮ್ಮ ಮನೆಯ ಸಂಬಂಧ ಬೇಡವೆಂದಲ್ಲ ಎಂದು ಮನವರಿಕೆ ಮಾಡಿಕೊಡುವ ಬಗ್ಗೆ.

ಉಲ್ಲೇಖ:
೧. ವೀಳ್ಯಶಾಸ್ತ್ರದ ದಿನ ತಾವು ನನ್ನ ಕೆನ್ನೆ ಚಿವುಟಿ ಆಡಿದ ಮಾತು.
೨. ತಾವು ಕಳುಹಿಸಿದ ಬಿದಿರಿನ ಬುಟ್ಟಿ.
೩. ಅದೇ ಬುಟ್ಟಿ, ವಾಪಸ್ಸು.
೪. ಆಮೇಲೆ ನಾನು ಮಾಡಿದ ಫೋನುಗಳು ಮತ್ತು ತಾವು ಎತ್ತದಿದ್ದದ್ದು.

ಮಾನ್ಯರೇ,

ಮೇಲ್ಕಂಡ ವಿಷಯವನ್ನು ನಾನು ಕಾಗದದ ರೂಪದಲ್ಲಿಯೇ ಬರೆಯಬೇಕೆಂದಿದ್ದೆ. 'ಪ್ರೀತಿಯ ಅತ್ತೆಗೆ' ಎಂದು ಶುರು ಮಾಡಿ, ಮುಂದೆ ಏನೂ ಹೊಳೆಯದೆ, ಒಂದಾದ ಮೇಲೊಂದು ಹಾಳೆ ಹರಿದು ಹಾಕಿದೆ. ಸದರಿ ಹಾಳೆಗಳು ಇಲಿಗಳ ಹಾಸಿಗೆಗೆ ಉಪಯೋಗವಾಗಿವೆ. ದಿನವೆಲ್ಲ ಊರವರ ಅರ್ಜಿಗಳಿಗೆ ಸೀಲು ಒತ್ತುವ ಕೈಗೆ ಬೇರೆ ಬರವಣಿಗೆ ಒಗ್ಗುವುದಿಲ್ಲ. ಬಾಯಲ್ಲಿ ಹೇಳೋಣವೆಂದರೆ ತಾವು ಫೋನಿಗೆ ಬರುತ್ತಿಲ್ಲ. ಕಾರಣ, ಈ ಅರ್ಜಿ.

ಓದಿ ಹೇಳುವವರಿಗೆ ಒಂದು ಸೂಚನೆ: ತಮ್ಮ ಮೇಲೆ ದೂರು ಇರುವ ಕಡೆಗಳಲ್ಲಿ ಕೆಮ್ಮಿಕೊಂಡು ಮುಂದಿನ ಪುಟಕ್ಕೆ ಹೋಗತಕ್ಕದ್ದಲ್ಲ.

೧. ಇಲಿಗಳ ಪೂರ್ವಾಪರ.

ಸದರಿ ಇಲಿಗಳು ಎರಡು. ಎರಡೂ ಹೆಣ್ಣು, ಅಕ್ಕತಂಗಿಯರು. ಮೈಯೆಲ್ಲ ಬೆಳ್ಳಗಿರುವವಳು ಪುರಿ. ತಲೆ ಮತ್ತು ಹೆಗಲು ಮಾತ್ರ ಕಂದು ಬಣ್ಣವಾಗಿ, ಶಾಲು ಹೊದ್ದಂತೆ ಕಾಣುವವಳು ಜೀರಿಗೆ. ಇವರು ತಾವು ರಾಗಿ ತುಂಬಿಡುವ ವಾಡೆಗೆ ತೂತು ಕೊರೆಯುವ ಬಳಗದವರಲ್ಲ. ಹಾಸನದಲ್ಲಿ ನನ್ನ ಜೊತೆ ಕೆಲಸದಲ್ಲಿದ್ದ ದಿವ್ಯಾ ಎಂಬುವರು ಸಾಕಿದ್ದು, ಅವರಿಗೆ ದೂರದ ಊರಿಗೆ ವರ್ಗವಾದಾಗ 'ಒಂದು ವಾರ ನೋಡ್ಕೊಂಡಿರು' ಎಂದು ಕೊಟ್ಟುಹೋದರು. ಆ ವಾರ ಇನ್ನೂ ಮುಗಿದಿಲ್ಲ. ಇಲಿ ಒಂಟಿಯಾದರೆ ಮಂಕಾಗುತ್ತದೆ, ಆದ್ದರಿಂದ ಯಾವಾಗಲೂ ಜೋಡಿಯಲ್ಲೇ ಇರಬೇಕು ಎಂದೂ ಅವರು ಹೇಳಿದ್ದರು. ಹೇಳಿದ್ದು ಇಲಿಯ ವಿಚಾರ. ಆದರೆ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನಮ್ಮಮ್ಮ ಅದನ್ನು ಕೇಳಿಸಿಕೊಂಡು, ಮಾರನೆಯ ದಿನವೇ ದಂಡಿಗನಹಳ್ಳಿಯ ನನ್ನ ಸೋದರಮಾವ ಕಾಂತರಾಜು ಅವರಿಗೆ ಫೋನು ಮಾಡಿ ನನಗೆ ಗಂಡು ನೋಡಲು ಹೇಳಿದರು.

ಬಂದ ಗಂಡುಗಳಲ್ಲಿ ಇಬ್ಬರು ಇಲಿಯ ಸುದ್ದಿ ಕೇಳಿ ಕಾಫಿ ಮುಗಿಸದೆ ಎದ್ದುಹೋದರು. ಮೂರನೆಯವರು ತಮ್ಮ ಮಗ. ಇವರೂ ಹೆದರಿದ್ದರು. ಆದರೆ ಏಳಲಿಲ್ಲ. ಕಾರಣ, ಅಷ್ಟು ಹೊತ್ತಿಗೆ ಜೀರಿಗೆ ಅವರ ಅಂಗಿಯ ಜೇಬಿನೊಳಗೆ ಹೋಗಿ ಕೂತಿದ್ದಳು.

೨. ಮನೆ ನೋಡುವ ಶಾಸ್ತ್ರ.

ಪದ್ಧತಿಯಂತೆ ನಮ್ಮ ಕಡೆಯವರು ತಮ್ಮ ಮನೆ ನೋಡಲು ಬಂದೆವು. ನಮ್ಮಮ್ಮ ಅಡುಗೆಮನೆ ನೋಡಿದರು. ಮಾವ ಬೋರ್‌ವೆಲ್ ನೋಡಿ ಎಷ್ಟು ಇಂಚು ನೀರು ಎಂದು ವಿಚಾರಿಸಿದರು. ನಾನು ಪಂಜರ ಇಡುವ ಜಾಗ ನೋಡುತ್ತಿದ್ದೆ. ನೇರ ಬಿಸಿಲು ಬೀಳಬಾರದು, ಗಾಳಿ ಬಡಿಯಬಾರದು, ಒಲೆಯ ಹೊಗೆ ತಾಗಬಾರದು, ಮುಖ್ಯವಾಗಿ ತಮ್ಮ ಮನೆಯ ಬೆಕ್ಕಿಗೆ ದಾರಿ ಇರಬಾರದು. ಮದುವೆಯಾಗುವ ಹುಡುಗಿ ಗೋಡೆ ಗೋಡೆ ತಡವುವುದನ್ನು ಕಂಡು ತಾವು, "ಏನವ್ವ ಮೂಲೆ ಮೂಲೆ ತಡಕ್ತಿದ್ದೀಯೆ? ನಿಧಿ ಗಿಧಿ ಐತೆ ಅಂತ ಯಾರಾರ ಏಳವ್ರಾ?" ಎಂದು ಕೇಳಿದಿರಿ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ನಮ್ಮಮ್ಮ ನನ್ನ ತೊಡೆ ಚಿವುಟಲು ಹತ್ತಿರ ಬಂದರು, ತಡವಾಗಿತ್ತು.

ತಾವು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿರಿ. "ನಾನು ಈ ಮನೀಗೆ ಬಂದಾಗ್ಲಿಂದ ಇಲಿ ಓಡ್ಸೋದೇ ಒಂದ್ ಕೆಲ್ಸ. ಈಗ ಅವುಕ್ಕೇ ಜಾಗ ತೋರ್ಸು ಅಂತೀಯಲ್ಲವ್ವ!" ಎಂದಿರಿ. ನಾನು ಆಗಲೇ ಬಸ್ಸಿನ ಹೊತ್ತು ಲೆಕ್ಕ ಹಾಕುತ್ತಿದ್ದೆ. ಆದರೆ ತಾವು ನನ್ನ ಕೈ ಹಿಡಿದು ನಡುಮನೆಗೆ ಕರೆದುಕೊಂಡು ಹೋಗಿ, ಗೋಡೆಯ ದೊಡ್ಡ ಗೂಡಿನಿಂದ ಹಾಸಿಗೆ ಸುರುಳಿ ತೆಗೆಸಿ, "ಇಲ್ಲಿ ಮಡಗು. ಬಿಸ್ಲೂ ಬರಕಿಲ್ಲ, ಬೆಕ್ಕಿಗೂ ಎಟುಕಕಿಲ್ಲ. ಅವು ಏನ್ ತಿಂತವೆ, ಏನ್ ಆಡ್ತವೆ, ಅದ್ ಏಳು ಮೊದ್ಲು" ಎಂದಿರಿ. ಇಲಿಗಳು ಹತ್ತುತ್ತವೆ, ತೂರುತ್ತವೆ, ಕಡಿಯುತ್ತವೆ, ಅವಕ್ಕೆ ಆಟದ ಸಾಮಾನು ಬೇಕು ಎಂದೆ. ತಾವು ಮಗುವಿನ ಸುದ್ದಿ ಕೇಳುವವರ ಹಾಗೆ ಕೇಳಿಸಿಕೊಂಡಿರಿ.

ಮುಂದೆ ವೀಳ್ಯಶಾಸ್ತ್ರದ ದಿನ ಎಲೆ ಅಡಿಕೆ ಬದಲಾದ ಮೇಲೆ, ನನ್ನ ಕೆನ್ನೆ ಚಿವುಟಿ ತಮ್ಮ ಮಗನಿಗೆ, "ಇಲೀನೇ ಸಾಕವ್ಳಂತೆ, ನಿನ್ನ ಸಾಕೋದೇನ್ ಕಷ್ಟ ಬುಡ್ಲಾ" ಎಂದಿರಿ (ಉಲ್ಲೇಖ ೧). ಎಲ್ಲರೂ ನಕ್ಕರು. ತಮ್ಮ ಮಗನೂ ನಕ್ಕರು, ಸ್ವಲ್ಪ ತಡವಾಗಿ.

೩. ಬುಟ್ಟಿಯಲ್ಲಿ ಬಂದ ಸಾಮಾನುಗಳ ಪರಿಶೀಲನೆ.

ಅದಾದ ಕೆಲವು ದಿನಕ್ಕೆ ತಮ್ಮ ಮಗ ಬೈಕಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಬಂದರು. ಸೀರೆ, ಕುಪ್ಪಸ ಇರಬಹುದೆಂದು ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತಿದ್ದರು. ಬುಟ್ಟಿ ತುಂಬ ಇಲಿಯ ಸಾಮಾನು ಇದ್ದದ್ದನ್ನು ನೋಡಿ, ಒಬ್ಬೊಬ್ಬರಾಗಿ ಒಳಗೆ ಹೋದರು. ನಾನು ಅದಕ್ಕಿಂತ ದೊಡ್ಡ ಹೆಮ್ಮೆ ಕಂಡಿಲ್ಲ. ಆದಾಗ್ಯೂ ದಿವ್ಯಾರನ್ನು ಫೋನಿನಲ್ಲಿ ಕೇಳಿಕೊಂಡು ಒಂದೊಂದನ್ನೂ ನೋಡಲಾಗಿ ಕಂಡುಬಂದದ್ದು ಈ ಕೆಳಗಿನಂತಿದೆ.

(ಅ) ಓಡುವ ಚಕ್ರ. ತಮ್ಮ ಮಗ ಹಾಸನದ ಅಂಗಡಿಯೊಂದರಲ್ಲಿ ಕೊಂಡದ್ದು. ತಂತಿಯ ಅಡ್ಡಕಡ್ಡಿಗಳದ್ದು. ಇಲಿ ಓಡುವಾಗ ಸಂದಿಯಲ್ಲಿ ಕಾಲೋ ಬಾಲವೋ ಸಿಕ್ಕಿಕೊಂಡರೆ ಮುರಿದೇ ಹೋಗುತ್ತದೆ. ಚಕ್ರದ ಒಳಮೈ ಸಂದಿಲ್ಲದೆ ಒಂದೇ ಸಮ ಇರಬೇಕು, ಓಡುವಾಗ ಬೆನ್ನು ಬಾಗದಷ್ಟು ದೊಡ್ಡದಿರಬೇಕು. ಇದು ಇನ್ನೂ ಚಿಕ್ಕ ಜಾತಿಯ ಪ್ರಾಣಿಗೆ ಮಾಡಿದ್ದು. ಜೀರಿಗೆ ಹತ್ತಿದಾಗ ಅರ್ಧ ಜೀರಿಗೆ ಹೊರಗಿದ್ದಳು.

(ಆ) ಸುರಂಗ. ಅರಕಲಗೂಡಿನಲ್ಲಿ ತಮ್ಮ ಮಗ ಇಟ್ಟಿರುವ ಡ್ರಿಪ್ ಪೈಪಿನ ಅಂಗಡಿಯ ಒಂದು ತುಂಡು. ಆಲೋಚನೆ ಬಹಳ ಒಳ್ಳೆಯದು, ಇಲಿಗಳಿಗೆ ಸುರಂಗವೆಂದರೆ ತವರುಮನೆ. ಆದರೆ ಕಳುಹಿಸಿದ್ದು ಒಂದೂವರೆ ಇಂಚಿನದು. ಜೀರಿಗೆಯ ತಲೆ ಹೋಯಿತು, ಹೊಟ್ಟೆ ಹೋಗಲಿಲ್ಲ, ಹಿಂದಕ್ಕೆ ಬರಲು ಅವಳು ಒಪ್ಪಲಿಲ್ಲ. ನಮ್ಮಮ್ಮ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಕೂತು, ಹೆರಿಗೆ ಮಾಡಿಸುವವರಂತೆ "ಇನ್ನೊಸಿ, ಇನ್ನೊಸಿ ತಳ್ಳವ್ವ" ಎಂದು ಧೈರ್ಯ ಹೇಳಬೇಕಾಯಿತು. ನಾಲ್ಕು ಇಂಚಿನದನ್ನು, ಗರಗಸ ಕೊಯ್ದ ಅಂಚು ಉಜ್ಜಿ ನುಣುಪು ಮಾಡಿ ಕೊಟ್ಟರೆ ಸಂತೋಷದಿಂದ ಸ್ವೀಕರಿಸಲಾಗುವುದು. ದಿನಾ ಅಳತೆಯಲ್ಲೇ ಬದುಕುವವರು ಇಲಿಯ ಅಳತೆ ಕೇಳದೆ ಇದ್ದದ್ದು ಹೇಗೆ ಎಂಬ ಬಗ್ಗೆ ವಿವರಣೆ ಕೋರಿದೆ. ಓದಿ ಹೇಳುವವರು ಇಲ್ಲಿ ಸ್ವಲ್ಪ ನಿಲ್ಲಿಸಿ ತಮ್ಮ ತಾಯಿಯವರ ಮುಖ ನೋಡತಕ್ಕದ್ದು.

(ಇ) ಮರದ ಹೊಟ್ಟು, ಒಂದು ಚೀಲ. ಮರ ಕೊಯ್ಯುವ ಮಿಲ್ಲಿನದು, ಪಂಜರದ ತಳಕ್ಕೆ ಹಾಸಲೆಂದು. ತಂತಿಯ ತಳದ ಮೇಲೆ ಬರಿಗಾಲಲ್ಲಿ ಓಡಾಡಿದರೆ ಇಲಿಗಳ ಪಾದ ಹುಣ್ಣಾಗುತ್ತದೆ ಎಂದು ನಾನು ಹೇಳಿದ್ದನ್ನು ನೆನಪಿಟ್ಟು ಕಳುಹಿಸಿದಿರಿ. ಆದರೆ ಇದು ಬಹಳ ನುಣ್ಣನೆ ಪುಡಿ, ಮರದ ಘಾಟು ಬೇರೆ. ಇಲಿಗಳ ಶ್ವಾಸಕೋಶ ಸೂಕ್ಷ್ಮ. ಇಬ್ಬರೂ ಒಂದು ಮಧ್ಯಾಹ್ನವೆಲ್ಲ ಸೀನಿದರು. ಕಾಗದದ ಚೂರು, ಹಳೆಯ ಮೆತ್ತನೆ ಬಟ್ಟೆ ಸಾಕು.

(ಈ) ಗೆಜ್ಜೆ. ತಮ್ಮ ಯಜಮಾನರೂ ನನ್ನ ಭಾವಿ ಮಾವನವರೂ ಆದ ಶ್ರೀ ರಂಗಸ್ವಾಮಿಯವರು ಎತ್ತಿನ ಕೊರಳಿನದನ್ನು ಬಿಚ್ಚಿ ಕೊಟ್ಟದ್ದು. ಗೆಜ್ಜೆಯ ಸೀಳಿನಲ್ಲಿ ಇಲಿಯ ಬೆರಳು ಸಿಕ್ಕಿಕೊಳ್ಳುವ ಸಂಭವವಿರುವುದರಿಂದ ಪಂಜರಕ್ಕೆ ಕಟ್ಟಲಿಲ್ಲ. ಆದರೆ ತಾವು ಗಮನಿಸಬೇಕಾದದ್ದು, ಇದನ್ನು ವಾಪಸ್ಸು ಬುಟ್ಟಿಗೂ ಹಾಕಲಿಲ್ಲ. ನನ್ನ ಕೈಚೀಲಕ್ಕೆ ಕಟ್ಟಿಕೊಂಡಿದ್ದೇನೆ. ಕಚೇರಿಯಲ್ಲಿ ನಾನು ಬರುವುದು ಈಗ ಎಲ್ಲರಿಗೂ ಮೆಟ್ಟಿಲ ಹತ್ತಿರವೇ ಗೊತ್ತಾಗುತ್ತದೆ.

(ಉ) ಜೋಲಿ. ತಮ್ಮ ಹಳೆಯ ನೂಲಿನ ಸೀರೆಯದ್ದು. ಇದೂ ನಮ್ಮಲ್ಲೇ ಇದೆ. ಬಿಡಿ ಎಳೆಗಳು ಬೆರಳಿಗೆ ಸುತ್ತಿಕೊಳ್ಳದಿರಲೆಂದು ಅಂಚು ಮಡಿಚಿ ಹೊಲಿದಿದ್ದೇನೆ. ಇಬ್ಬರೂ ಅದರಲ್ಲೇ ಮಲಗುತ್ತಾರೆ, ಒಬ್ಬಳ ಕಾಲು ಇನ್ನೊಬ್ಬಳ ಮುಖದ ಮೇಲೆ. ಸಂಬಂಧ ಬೇಡವೆನ್ನುವವಳು ಗೆಜ್ಜೆ, ಜೋಲಿ ಇಟ್ಟುಕೊಳ್ಳುತ್ತಾಳೆಯೇ ಎಂಬುದನ್ನು ತಾವೇ ಯೋಚಿಸಬೇಕು.

೪. ಏಣಿ.

ಇದು ತಾವು ಕೈಯಾರೆ ಮಾಡಿದ್ದು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ಸೊಪ್ಪು ನೇತುಹಾಕುವ ಕಡ್ಡಿಗಳನ್ನು ಕತ್ತರಿಸಿ, ಸೊಪ್ಪು ಕಟ್ಟುವ ದಾರದಲ್ಲೇ ಬಿಗಿದು, ಮೆಟ್ಟಿಲು ಮೆಟ್ಟಿಲಿಗೆ ಒಂದೇ ಅಂತರ ಬಿಟ್ಟು ಮಾಡಿದ್ದೀರಿ. ತಮ್ಮ ಕಡೆ ಅವರೆ ಬಳ್ಳಿ ಹಬ್ಬಿಸುವುದಕ್ಕೂ, ಕೋಳಿಗೂಡಿಗೂ, ಸೊಳ್ಳೆಪರದೆಗೂ ಕೈಗೆ ಸಿಗುವುದು ಆ ಕಡ್ಡಿಯೇ ಎಂದು ತಮ್ಮ ಮಗ ಹೇಳಿದರು. ಆದ್ದರಿಂದ ಇದು ಯಾರ ತಪ್ಪೂ ಅಲ್ಲ. ಆದರೆ ಅದು ವರ್ಷವರ್ಷವೂ ಸೊಪ್ಪಿನ ಅಂಟು ಕುಡಿದ ಕಡ್ಡಿ. ತಮಗೆಲ್ಲ ಆ ವಾಸನೆ ಈಗ ವಾಸನೆಯಾಗಿಯೇ ತಿಳಿಯುವುದಿಲ್ಲ. ನಾನೂ ಮೂಸಿ ನೋಡಿ, ಅತ್ತೆಯ ಮನೆಯ ವಾಸನೆ ಎಂದುಕೊಂಡು ಪಂಜರದೊಳಗೆ ಇಟ್ಟೆ. ಇಲಿಗಾದರೋ ಏಣಿ ಹತ್ತುವುದಕ್ಕಿಂತ ಮೊದಲು ಕಡಿಯುವ ವಸ್ತು.

ಸಾಯಂಕಾಲ ನಾನು ಕಚೇರಿಯಿಂದ ಬಂದಾಗ ಪುರಿ ದಾರವನ್ನು ಅಗಿದು ಹಾಕಿ, ಜೊಲ್ಲು ಸುರಿಸುತ್ತ, ನಡುಗುತ್ತ ಮೂಲೆಯಲ್ಲಿ ಬಿದ್ದಿದ್ದಳು. ತಲೆ ನಿಲ್ಲುತ್ತಿರಲಿಲ್ಲ. ಜೀರಿಗೆ ಅವಳ ಕಿವಿ ನೆಕ್ಕುತ್ತಿದ್ದಳು. ಟವೆಲಿನಲ್ಲಿ ಸುತ್ತಿಕೊಂಡು ಆಟೋ ಹಿಡಿದು ಹೊಳೆನರಸೀಪುರಕ್ಕೆ ಓಡಿದೆ. ಅಲ್ಲಿ ಪಶುವೈದ್ಯರೊಬ್ಬರು ಹಸುವಿಗೆ ಇಂಜೆಕ್ಷನ್ ಕೊಟ್ಟು ಕೈ ತೊಳೆಯುತ್ತಿದ್ದರು.

"ಡಾಕ್ಟ್ರೇ, ಇಲಿ ಸಾ" ಎಂದೆ.

"ಇಲಿ ಔಷಧಿ ನಮ್ಮಲ್ಲಿ ಕೊಡಲ್ಲಮ್ಮ. ಗೊಬ್ಬರದ ಅಂಗಡೀಲಿ ಕೇಳಿ."

"ಸಾಯ್ಸಕ್ಕಲ್ಲ ಸಾ, ಬದುಕ್ಸಕ್ಕೆ" ಎಂದು ಟವೆಲು ಬಿಚ್ಚಿ ತೋರಿಸಿ, ಅಲ್ಲೇ ನಿಂತು ಅತ್ತುಬಿಟ್ಟೆ.

ಅವರು ಒಂದು ಗಳಿಗೆ ನನ್ನ ಮುಖ, ಒಂದು ಗಳಿಗೆ ಪುರಿಯ ಮುಖ ನೋಡಿದರು. ಆಮೇಲೆ ಹಾಸನದಲ್ಲಿ ತಮಗೆ ಗೊತ್ತಿದ್ದವರಿಗೆ ಫೋನು ಮಾಡಿ ಕೇಳಿಕೊಂಡು, ಇದು ಹೊಗೆಸೊಪ್ಪಿನ ಅಂಟಿನ ವಿಷವೆಂದು ತಿಳಿದು, ಅವಳ ಬಾಯಿ ತೊಳೆದು, ಮೈ ಬೆಚ್ಚಗೆ ಇಡಿಸಿ, ಏನೋ ಔಷಧಿ ತೊಟ್ಟುತೊಟ್ಟಾಗಿ ಹಾಕಿದರು. ಹಸು ಹಿಡಿದುಕೊಂಡು ನಿಂತಿದ್ದ ಅಜ್ಜಿ ನನ್ನನ್ನು ಸಮಾಧಾನ ಮಾಡಿದರು: "ಅಳಬ್ಯಾಡ ಕಣವ್ವ. ಇಲಿ ಜೀವ ಗಟ್ಟಿ. ನಮ್ಮನೇವು ಏನ್ ಇಕ್ಕಿದ್ರೂ ಸಾಯಕಿಲ್ಲ." ಅವರ ಮಾತು ನಿಜವಾಯಿತು. ಪುರಿ ಬದುಕಿದಳು.

೫. ಬುಟ್ಟಿ ಹಿಂದಿರುಗಿದ ಬಗೆ.

ಪುರಿ ಸರಿಯಾದಳು, ನನ್ನ ಬುದ್ಧಿ ಮಾತ್ರ ಆ ಹೊತ್ತಿಗೆ ನೆಟ್ಟಗಿರಲಿಲ್ಲ. ಚಕ್ರ, ಪೈಪು, ಹೊಟ್ಟು, ಏಣಿ ಎಲ್ಲವನ್ನೂ ಅದೇ ಬುಟ್ಟಿಗೆ ತುಂಬಿದೆ. ಎಸೆಯಬಹುದಿತ್ತು. ಆದರೆ ತಾವು ಮಾಡಿದ ಏಣಿಯನ್ನು ತಿಪ್ಪೆಗೆ ಹಾಕಲು ನನಗೆ ಕೈ ಬರಲಿಲ್ಲ. ಮರ್ಯಾದೆಯಾಗಿ ವಾಪಸ್ಸು ಕಳುಹಿಸುವುದೇ ಸರಿ ಎಂದು ನನ್ನ ಕಚೇರಿ ಬುದ್ಧಿಗೆ ತೋರಿತು. ಕಚೇರಿಯಲ್ಲಿ ಸರಿಯಿಲ್ಲದ ಅರ್ಜಿಗಳನ್ನು ನಾವು ದಿನಾ ವಾಪಸ್ಸು ಮಾಡುತ್ತೇವೆ. ಅದಕ್ಕೆ ಯಾರೂ ನಮ್ಮೊಡನೆ ನಂಟು ಕಡಿದುಕೊಂಡಿಲ್ಲ.

ನಮ್ಮಮ್ಮ ಬುಟ್ಟಿ ನೋಡಿ, "ಬೀಗರ ಮನೀಗೆ ಇಂಗೆ ಬೋಳಾಗಿ ಕಳ್ಸಬಾರ್ದು ಕಣೆ" ಎಂದು ಮೇಲೊಂದು ಕಟ್ಟು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಅರಿಶಿನ ಕುಂಕುಮ ಇಟ್ಟರು. ಮಾವ ಕಾಂತರಾಜು ಅದನ್ನು ಬಸ್ಸಿನಲ್ಲಿ ತಂದು ತಮ್ಮ ಜಗಲಿಯ ಮೇಲಿಟ್ಟರು. ಮಾವ ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದ್ದನ್ನು ಯಾರೂ ಕಂಡಿಲ್ಲ. ಅವರು ವಾಪಸ್ಸು ಬಂದಾಗ ನಡೆದ ಮಾತುಕತೆಯನ್ನು ತಮ್ಮ ಅವಗಾಹನೆಗೆ ಸಲ್ಲಿಸಿದೆ.

"ಏನಂತ ಏಳಿದ್ರಿ ಮಾವ?"

"ಮೇಘ ವಾಪಸ್ ಕಳ್ಸವ್ಳೆ ಅಂದೆ."

"ಯಾಕೆ ಅಂತ?"

"ಅವ್ರು ಕೇಳ್ಲಿಲ್ಲ. ಕೊಣ್ನೂರಿಂದ ಬಸ್ ಇತ್ತು, ಬಂದ್ಬುಟ್ಟೆ."

ವೀಳ್ಯಶಾಸ್ತ್ರವಾದ ಮೇಲೆ ಗಂಡಿನ ಮನೆಯಿಂದ ಬಂದದ್ದು ಎಲೆ ಅಡಿಕೆ ಸಮೇತ ಹಿಂದಕ್ಕೆ ಹೋದರೆ ಹೆಣ್ಣಿನ ಕಡೆಯವರು ಸಂಬಂಧ ಮುರಿದರು ಎಂದು ಅರ್ಥ. ಇದು ತಮ್ಮ ತಾಲ್ಲೂಕು, ನಮ್ಮ ತಾಲ್ಲೂಕು, ಮಾವನ ಚನ್ನರಾಯಪಟ್ಟಣ ತಾಲ್ಲೂಕು, ಮೂರರಲ್ಲೂ ಮಕ್ಕಳಿಗೂ ಗೊತ್ತು. ನಮ್ಮಮ್ಮನಿಗೆ ಗೊತ್ತಿತ್ತು. ಮಾವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೆ ಆ ಬೆಳಿಗ್ಗೆ ನಮ್ಮಮ್ಮ ಬೀಗರ ಮರ್ಯಾದೆ ಯೋಚಿಸುತ್ತಿದ್ದರು, ಮಾವ ಬಸ್ಸು ಯೋಚಿಸುತ್ತಿದ್ದರು, ನಾನು ಇಲಿ ಯೋಚಿಸುತ್ತಿದ್ದೆ. ಮದುವೆಯನ್ನು ಯೋಚಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ.

೬. ತಮ್ಮ ಕಡೆ ನಡೆದದ್ದು (ತಮ್ಮ ಮಗ ಫೋನಿನಲ್ಲಿ ತಿಳಿಸಿದಂತೆ).

ತಾವು ಮೊದಲು ಎಲೆ ನೋಡಿದಿರಿ. ಅದರ ಕೆಳಗೆ ಏಣಿ ನೋಡಿದಿರಿ. ಏಣಿಯನ್ನು ಮಾತ್ರ ಎತ್ತಿಕೊಂಡು ಬ್ಯಾರನ್ನಿನ ಹತ್ತಿರ ಹೋಗಿ ಕೂತಿರಿ. ಊಟಕ್ಕೆ ಕರೆದರೆ, "ಏಣಿ ಚೆಂದಾಗಿಲ್ಲ ಅಂದಿದ್ರೆ ಇನ್ನೊಂದ್ ಮಾಡ್ಕೊಡ್ತಿದ್ದೆ. ಅದುಕ್ಕೆ ಮದ್ವೆನೇ ಬ್ಯಾಡ ಅಂತ ಎಲೆ ಕಳ್ಸ್‌ಬುಡದಾ?" ಎಂದಿರಂತೆ. ಮಾವ ರಂಗಸ್ವಾಮಿಯವರು, "ಇಲಿ ಸಾಕೋರ ಸಂಬಂದ ಬ್ಯಾಡ ಅಂತ ನಾನು ಅವತ್ತೇ ಅಂದಿದ್ದೆ" ಎಂದರಂತೆ. (ಎತ್ತಿನ ಗೆಜ್ಜೆ ಬಿಚ್ಚಿ ಕೊಟ್ಟವರೂ ಅವರೇ ಎಂಬುದನ್ನು ವಿನಯಪೂರ್ವಕ ನೆನಪಿಸುತ್ತೇನೆ.) ಅದಕ್ಕೆ ತಾವು ಅಷ್ಟು ಸಂಕಟದಲ್ಲೂ, "ಇಲಿ ಮ್ಯಾಲೆ ಯಾಕ್ ಆಕೀರಿ, ಅವೇನ್ ಮಾಡವೆ ಪಾಪ" ಎಂದಿರಂತೆ.

ಅತ್ತೆ, ಈ ಮಾತು ನನ್ನ ಕಿವಿಗೆ ಬಿದ್ದಾಗ ನಾನು ಕಚೇರಿಯಲ್ಲಿದ್ದೆ, ಎದುರಿಗೆ ಜನ ಸಾಲಾಗಿ ನಿಂತಿದ್ದರು. ಸೀಲು ಅರ್ಜಿಯ ಮೇಲೆ ಬೀಳುವ ಬದಲು ನನ್ನ ಹೆಬ್ಬೆರಳಿನ ಮೇಲೆ ಬಿತ್ತು.

ಈಗ ತಮ್ಮ ಕಡೆ ಬೇರೆ ಹುಡುಗಿಯ ಮಾತು ಎದ್ದಿದೆಯೆಂದೂ, ಬರುವ ಭಾನುವಾರ ನೋಡಲು ಹೊರಡುವುದೆಂದೂ, ಸದರಿ ಹುಡುಗಿ ಏನನ್ನೂ ಸಾಕಿಲ್ಲವೆಂದೂ ತಿಳಿದುಬಂದಿದೆ. ಈ ಬಗ್ಗೆ ತಮ್ಮ ಮಗನನ್ನು ಕೇಳಲಾಗಿ, "ನಂಗೆ ನೀನೇ ಸರಿ, ಆದ್ರೆ ಅವ್ವ ಒಪ್ಬೇಕಲ್ಲ ಮೇಘಾ" ಎಂದರು. ಅವರು ಇದಕ್ಕಿಂತ ಸ್ವಲ್ಪ ಗಟ್ಟಿಯಾಗಿ ಮಾತಾಡಬಹುದಿತ್ತು. ಓದಿ ಹೇಳುವವರು ಹಿಂದಿನ ವಾಕ್ಯವನ್ನು ಎರಡು ಸಲ ಓದತಕ್ಕದ್ದು.

೭. ಅರ್ಜಿದಾರಳ ನಿವೇದನೆ.

ನನ್ನ ಇಲಿಗಳನ್ನು ಕಂಡವರಲ್ಲಿ ಕೆಲವರು ಮೂಗು ಮುಚ್ಚಿಕೊಂಡರು, ಕೆಲವರು ನಕ್ಕರು. ಬಹಳ ಜನ 'ಮದುವೆ ಆಗೋ ತನಕ ಇಟ್ಕೊ, ಆಮೇಲೆ ಎಲ್ಲಾದರೂ ಬಿಟ್ಟುಬಿಡು' ಎಂದು ಬುದ್ಧಿ ಹೇಳಿದರು. ತಮ್ಮ ಮಗ ಸಹ ಮೊದಮೊದಲು 'ಅಡ್ಜಸ್ಟ್ ಮಾಡ್ಕಳಣ' ಎಂದರು. ಯಾರು ಯಾರ ಜೊತೆ ಎಂದು ಸ್ಪಷ್ಟಪಡಿಸಲಿಲ್ಲ. ಅವಕ್ಕೆ ಏನು ಬೇಕು ಎಂದು ಕೇಳಿದವರು ತಾವೊಬ್ಬರೇ. ಬದುಕಿಡೀ ಇಲಿಯ ಹಿಂದೆ ಪೊರಕೆ ಹಿಡಿದು ಓಡಿದ ತಾವು, ಹೊಗೆಸೊಪ್ಪಿನ ಕೆಲಸದ ನಡುವೆ ಕೂತು, ಇನ್ನೂ ಮನೆಗೆ ಬಾರದ ಸೊಸೆಯ ಇಲಿಗೆ ಏಣಿ ಕಟ್ಟಿದಿರಿ. ಅದು ಪುರಿಗೆ ಆಗಿಬರಲಿಲ್ಲ, ಆ ಮಾತು ಬೇರೆ. ನನ್ನ ಹುಚ್ಚನ್ನು ಹುಚ್ಚು ಎನ್ನದೆ ಅದಕ್ಕೆಂದು ಕೂತು ಕೆಲಸ ಮಾಡಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಂಥವರು ನನ್ನ ದೆಸೆಯಿಂದ ಊಟ ಬಿಟ್ಟು ಕೂತಿದ್ದು ನೆನೆದರೆ ನನಗೂ ಊಟ ಸೇರುತ್ತಿಲ್ಲ.

ಹಾಗಾಗಿ ಇದೊಂದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ತಮ್ಮ ಮಗನನ್ನು ನೋಡಿ ನಾನು ನಮ್ಮಮ್ಮನಿಗೆ 'ನೋಡೋಣ' ಎಂದಿದ್ದೆ. ತಮ್ಮನ್ನು ನೋಡಿ ಬಂದ ಮೇಲೆ 'ಸರಿ' ಎಂದೆ. ಇದು ಅವರಿಗೆ ಈಗಲೇ ಗೊತ್ತಾಗುತ್ತಿದೆ, ಓದುತ್ತಿರುವವರು ಅವರೇ ಆದ್ದರಿಂದ. ಅವರಿಗೆ ಬೇಸರವಾಗುವುದು ಬೇಡ. ದಿನ ಕಳೆದಂತೆ ಅವರೂ ಸರಿ ಎನ್ನಿಸುತ್ತಿದ್ದಾರೆ.

ಆದ್ದರಿಂದ, ಮೇಲೆ ವಿವರಿಸಿದ ಕಾರಣಗಳನ್ನು ಪರಿಗಣಿಸಿ, ಬುಟ್ಟಿಯ ಮೇಲಿದ್ದ ಎಲೆ ಅಡಿಕೆ ನಮ್ಮಮ್ಮನ ಮರ್ಯಾದೆಯೇ ಹೊರತು ನನ್ನ ಉತ್ತರವಲ್ಲ ಎಂದು ಭಾವಿಸಬೇಕು. ಭಾನುವಾರದ ಪ್ರಯಾಣವನ್ನು ರದ್ದುಪಡಿಸಬೇಕು, ಅಥವಾ ಪ್ರಯಾಣ ಮಾಡಲೇಬೇಕೆಂದಿದ್ದರೆ ಹಳ್ಳಿಮೈಸೂರಿನ ಕಡೆಗೆ ತಿರುಗಿಸಬೇಕು. ಹಳೆಯ ಏಣಿಯನ್ನು ಅವರೆ ಬಳ್ಳಿಗೆ ಕೊಡಬಹುದು. ಹೊಸ ಏಣಿಗೆ ಬಣ್ಣ, ಎಣ್ಣೆ, ಹೊಗೆಸೊಪ್ಪು ಯಾವುದೂ ಸೋಕದ ಹಸನಾದ ಬಿದಿರು ತಂದಿಟ್ಟಿದ್ದೇನೆ. ದಾರದ ಬದಲು ತೂತು ಕೊರೆದು ಮೆಟ್ಟಿಲು ಕೂರಿಸಬೇಕಂತೆ. ನಾನು ಪ್ರಯತ್ನಿಸಲಾಗಿ, ನನ್ನ ಏಣಿಯಲ್ಲಿ ಯಾವ ಎರಡು ಮೆಟ್ಟಿಲೂ ಒಂದೇ ಅಂತರದಲ್ಲಿ ಬಂದಿಲ್ಲ, ಜೀರಿಗೆ ಅದನ್ನು ನೋಡಿ ತಿರುಗಿ ಮಲಗಿದಳು. ಕಾರಣ, ತಾವೇ ಬಂದು ಕೂತು ಮಾಡಿಕೊಡಬೇಕು, ಪಕ್ಕದಲ್ಲಿ ಕೂತು ನಾನು ಕಲಿಯುತ್ತೇನೆ.

ಎಂದಿಗೂ ವಿಶ್ವಾಸ ಹಿಂದಿರುಗಿಸದ,
ತಮ್ಮ,
(ಮೇಘಶ್ರೀ)

ಲಗತ್ತುಗಳು:
೧. ತೆಂಗಿನ ಚಿಪ್ಪು, ಒಂದು. ಮಾವ ಕಾಂತರಾಜು ಅವರ ತೋಟದ್ದು. ನಾರು ಕೆರೆದು, ಬಾಗಿಲು ಕೊರೆದು, ಅಂಚು ಉಜ್ಜಿದ್ದು. ನಿರಪಾಯದ ಸಾಮಾನು ಹೇಗಿರಬೇಕೆಂಬುದಕ್ಕೆ ಮಾದರಿ. ಪುರಿ ಇದರಲ್ಲಿ ಮಲಗಿ ಪರೀಕ್ಷಿಸಿದ್ದಾಳೆ. ತೊಳೆದಿದೆ.
೨. ಪುರಿ ಆರೋಗ್ಯವಾಗಿ ಕಡಲೆಕಾಯಿ ತಿನ್ನುತ್ತಿರುವ ಫೋಟೊ.
೩. ನಮ್ಮಮ್ಮ ಮಾಡಿದ ಕಜ್ಜಾಯ, ಒಂದು ಡಬ್ಬಿ. ಇದರ ಮೇಲೆ ಎಲೆ ಅಡಿಕೆ ಇಡದಂತೆ ನಾನೇ ನಿಂತು ನೋಡಿಕೊಂಡಿದ್ದೇನೆ.
೪. ಮಾವ ಕಾಂತರಾಜು, ಖುದ್ದಾಗಿ. ಯಾಕೆ ಏನು ಎಂಬುದನ್ನೆಲ್ಲ ಈ ಸಲ ಅವರಿಗೆ ಬಾಯಿಪಾಠ ಮಾಡಿಸಿದೆ. ಆದರೆ ಕೇಳದೆ ಹೇಳುವುದಿಲ್ಲ. ದಯವಿಟ್ಟು ಕೇಳಬೇಕು.

ಕೊನೆಯ ಕೋರಿಕೆ: ತಮ್ಮ ಮನೆಯಲ್ಲಿ ಎಲ್ಲರೂ ಒಪ್ಪದೆ, ಈ ಅರ್ಜಿಯನ್ನು ಭಾಗಶಃ ಮಾತ್ರ ಮಂಜೂರು ಮಾಡುವ ಸಂದರ್ಭ ಒದಗಿದರೆ, ಮಗನನ್ನು ತಮ್ಮಲ್ಲಿಯೇ ಉಳಿಸಿಕೊಂಡು, ಅತ್ತೆಯನ್ನು ಮಾತ್ರವಾದರೂ ನನಗೆ ಮಂಜೂರು ಮಾಡಿಕೊಡಬೇಕಾಗಿ ಬೇಡಿಕೊಳ್ಳುತ್ತೇನೆ.